ಕಡಿಮೆ ಬಜೆಟ್‌ನಲ್ಲಿ ಮೊದಲ ಗೇಮಿಂಗ್ ಪಿಸಿ: ಕೊಟೇಶನ್ನಿನ ಒಂದೊಂದು ಸಾಲನ್ನೂ ಓದುವುದು ಹೇಗೆ

"ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 500 ವ್ಯಾಟ್ ಎಸ್‌ಎಂಪಿಎಸ್, ಆರ್‌ಜಿಬಿ ಕ್ಯಾಬಿನೆಟ್."

ಗೇಮಿಂಗ್ ಪಿಸಿ ಹುಡುಕಲು ಹೊರಟವರ ಕಣ್ಣಿಗೆ ಮೊದಲು ಬೀಳುವುದೇ ಇಂಥ ಸಾಲು. ಆನ್‌ಲೈನ್ ಜಾಹೀರಾತಿನಲ್ಲಿ ಇರಬಹುದು, ಅಂಗಡಿಯವರು ಚೀಟಿಯಲ್ಲಿ ಬರೆದುಕೊಟ್ಟಿದ್ದೂ ಇರಬಹುದು. ಬೆಲೆಯೂ ಕೈಗೆಟುಕುವ ಹಾಗೇ ಇರುತ್ತದೆ. ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಯಾವ ಮಾತೂ ಪೂರ್ತಿಯಾಗಿಲ್ಲ.

ಐ7 ಅಂದರೆ ಯಾವ ಐ7? ಐ7-2600 ಬಂದದ್ದು 2011ರಲ್ಲಿ. ಅದೂ ಐ7 ಅಲ್ವಾ? 2022ರಲ್ಲಿ ಬಂದ ಐ3-12100 ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. 4 ಜಿಬಿ ಗ್ರಾಫಿಕ್ಸ್ ಅಂದರೆ ಯಾವ ಕಾರ್ಡು? ಜಿಟಿ 730 ಕೂಡ 4 ಜಿಬಿ ಮೆಮೊರಿ ಇಟ್ಟುಕೊಂಡು ಬರುತ್ತದೆ. ಹೊಸ ಆಟ ಓಡಿಸುವ ತಾಕತ್ತು ಮಾತ್ರ ಅದಕ್ಕಿಲ್ಲ. ಇನ್ನು ಎಸ್‌ಎಂಪಿಎಸ್, ಅಂದರೆ ಒಳಗಿನ ಪಾರ್ಟ್‌ಗಳಿಗೆಲ್ಲ ಕರೆಂಟ್ ಹಂಚುವ ಡಬ್ಬ. ಅದರ 500 ವ್ಯಾಟ್ ಅನ್ನುವುದು ಸ್ಟಿಕ್ಕರ್ ಮೇಲಿನ ಸಂಖ್ಯೆಯೋ, ಒಳಗಿನ ಸಾಮರ್ಥ್ಯವೋ?

ಆದ್ದರಿಂದ ಪಾರ್ಟ್ ಆರಿಸುವುದು ಅಂದರೆ ಪೂರ್ತಿ ಮಾಡೆಲ್ ಹೆಸರು ಕೇಳುವುದನ್ನು ಕಲಿಯುವುದು. ಜತೆಗೆ ಯಾವುದನ್ನು ಮೊದಲು ಆರಿಸಬೇಕು ಅನ್ನುವ ಕ್ರಮವೂ ಗೊತ್ತಿರಬೇಕು. ತುಂಬ ಜನ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ಗೇಮಿಂಗ್ ಪಿಸಿಗೆ ಅದು ತಪ್ಪು ತುದಿ.

ಹಂತ 1: ಆಟ ಯಾವುದು, ಮಾನಿಟರ್ ಯಾವುದು

ಒಂದು ಹಾಳೆ ತೆಗೆದುಕೊಂಡು ನೀವು ನಿಜವಾಗಿ ಆಡುವ ಮೂರು ನಾಲ್ಕು ಆಟಗಳ ಹೆಸರು ಬರೆಯಿರಿ. ಮುಂದೆ ಯಾವತ್ತೋ ಆಡಬಹುದಾದವು ಬೇಡ.

ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2 ಇಂಥವೇ ಪಟ್ಟಿಯಲ್ಲಿದ್ದರೆ ನಿಮಗೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಡ. ಇವು ಪ್ರೊಸೆಸರ್ ಮೇಲೆ ಜಾಸ್ತಿ ನಿಂತಿರುವ ಆಟಗಳು. ಇವಕ್ಕೆ ವೇಗದ ಮಾನಿಟರ್ ಇದ್ದರೆ ಆಟದ ಮಜವೇ ಬೇರೆ. ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಶನ್ 2 ಇಂಥ ದೊಡ್ಡ ಕಥೆಯ ಆಟಗಳಾದರೆ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡ್ ಮೇಲೆ ಬೀಳುತ್ತದೆ.

ಈಗ ಮಾನಿಟರ್. 1080ಪಿ ಅಂದರೆ 1920 × 1080, ಸುಮಾರು 20.7 ಲಕ್ಷ ಚುಕ್ಕೆಗಳು. 1440ಪಿ ಆದರೆ ಸುಮಾರು 36.9 ಲಕ್ಷ. 4ಕೆ ಆದರೆ ಸುಮಾರು 83 ಲಕ್ಷ. ಒಂದೊಂದು ಫ್ರೇಮಿಗೂ, ಅಂದರೆ ಪರದೆಯ ಒಂದೊಂದು ಚಿತ್ರಕ್ಕೂ, ಇಷ್ಟು ಚುಕ್ಕೆಗಳಿಗೆ ಬಣ್ಣ ಹಚ್ಚುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಬಜೆಟ್ ಬಿಗಿ ಇದ್ದರೆ 1080ಪಿಗೇ ನಿಲ್ಲಿ. 24 ಇಂಚಿನ ಐಪಿಎಸ್ ಪ್ಯಾನೆಲ್ (ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಬಗೆಯ ಪರದೆ), 144 ಹರ್ಟ್ಜ್ ಅಥವಾ ಅದರ ಆಸುಪಾಸು ಇದ್ದರೆ ಸಾಕು. 60 ಹರ್ಟ್ಜ್ ಮಾನಿಟರ್ ಸೆಕೆಂಡಿಗೆ ತೋರಿಸುವುದು 60 ಚಿತ್ರ ಮಾತ್ರ. ಪಿಸಿ 150 ಫ್ರೇಮ್ ತಯಾರಿಸಿದರೂ ಅದೆಲ್ಲ ನಿಮ್ಮ ಕಣ್ಣಿಗೆ ತಲುಪುವುದಿಲ್ಲ. ಕಥೆಯ ಆಟಗಳನ್ನಷ್ಟೇ ಆಡುವವರು ಸದ್ಯಕ್ಕೆ ಮನೆಯ ಟಿವಿಯನ್ನೇ ಬಳಸಬಹುದು. ಅದರಲ್ಲಿ ಗೇಮ್ ಮೋಡ್ ಹಾಕಿಕೊಳ್ಳಿ, ಇಲ್ಲದಿದ್ದರೆ ಮೌಸ್ ಸರಿಸಿದ್ದು ತಡವಾಗಿ ಕಾಣುತ್ತದೆ.

ಮಾನಿಟರ್, ಕೀಬೋರ್ಡ್, ಮೌಸ್, ಹೆಡ್‌ಫೋನ್, ಯುಪಿಎಸ್ ಇವುಗಳ ಖರ್ಚನ್ನು ಈಗಲೇ ಪಕ್ಕಕ್ಕೆ ತೆಗೆದಿಡಿ. ಇಡೀ ದುಡ್ಡನ್ನು ಪೆಟ್ಟಿಗೆಯೊಳಗೇ ಸುರಿದು, ಕೊನೆಗೆ ಮಾನಿಟರ್‌ಗೆ ಕಾಸಿಲ್ಲದೆ ಕೂರುವುದು ತೀರಾ ಸಾಮಾನ್ಯ.

ಹಂತ 2: ಉಳಿದ ದುಡ್ಡನ್ನು ಪಾಲು ಮಾಡಿ

ಇಲ್ಲಿ ರೂಪಾಯಿ ಲೆಕ್ಕ ಕೊಡುತ್ತಿಲ್ಲ. ಪಾರ್ಟ್‌ಗಳ ಬೆಲೆ ತಿಂಗಳು ತಿಂಗಳಿಗೂ ಏರಿಳಿಯುತ್ತದೆ. ಪಾಲು ಮಾತ್ರ ಅಷ್ಟಾಗಿ ಬದಲಾಗುವುದಿಲ್ಲ. ನನ್ನ ಲೆಕ್ಕ ಹೀಗೆ: ಪೆಟ್ಟಿಗೆಯ ಒಟ್ಟು ಖರ್ಚಿನಲ್ಲಿ ಶೇ 35ರಿಂದ 40 ಗ್ರಾಫಿಕ್ಸ್ ಕಾರ್ಡ್‌ಗೆ. ಶೇ 25ರಿಂದ 30 ಪ್ರೊಸೆಸರ್ ಮತ್ತು ಮದರ್‌ಬೋರ್ಡ್ (ಪಾರ್ಟ್‌ಗಳೆಲ್ಲ ಜೋಡಣೆಯಾಗುವ ದೊಡ್ಡ ಹಲಗೆ) ಎರಡಕ್ಕೂ ಸೇರಿ. ಶೇ 20ರ ಹತ್ತಿರ ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ. ಉಳಿದದ್ದು ಎಸ್‌ಎಂಪಿಎಸ್, ಕ್ಯಾಬಿನೆಟ್‌ಗೆ. ಯಾರಾದರೂ ಕೊಟ್ಟ ಕೊಟೇಶನ್‌ನಲ್ಲಿ ಪ್ರೊಸೆಸರ್‌ನ ಬೆಲೆಯೇ ಗ್ರಾಫಿಕ್ಸ್ ಕಾರ್ಡಿಗಿಂತ ಜಾಸ್ತಿ ಇದ್ದರೆ ಅದು ಆಫೀಸ್ ಪಿಸಿ. ಹೆಸರಿಗಷ್ಟೇ ಗೇಮಿಂಗ್.

ಅಂಗಡಿಯವರು ಹೇಳುವ ಬೆಲೆ ಜಿಎಸ್‌ಟಿ ಸೇರಿಸಿಯೋ ಬಿಟ್ಟೋ ಅಂತ ಮೊದಲೇ ಕೇಳಿ. ಪಾರ್ಟ್‌ಗಳ ಮೇಲೆ ಶೇ 18 ತೆರಿಗೆ ಇದೆ. ಬಿಲ್ಲಿನ ಹೊತ್ತಿಗೆ ಅದು ಹೊಸದಾಗಿ ಬಂದು ಕೂತರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗು.

ಹಂತ 3: ಗ್ರಾಫಿಕ್ಸ್ ಕಾರ್ಡ್, ಇಲ್ಲಿ ಅವಸರ ಬೇಡ

ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ಹೆಚ್ಚು ಮೋಸ ಹೋಗುವುದೂ ಇಲ್ಲೇ.

ಮೊದಲ ನಿಯಮ: ಕಾರ್ಡಿನ ಮೇಲಿನ ಜಿಬಿ ಸಂಖ್ಯೆ ನೋಡಿ ವೇಗ ಅಳೆಯಬೇಡಿ. ಅದು ಕಾರ್ಡಿನ ಮೆಮೊರಿ ಮಾತ್ರ. ಕಾರ್ಡಿನ ಚಿಪ್ ಯಾವುದು ಅನ್ನುವುದು ಮುಖ್ಯ. ಹಾಗಂತ ಮೆಮೊರಿಯನ್ನು ಬಿಟ್ಟೇಬಿಡುವ ಹಾಗೂ ಇಲ್ಲ. ಇವತ್ತು ಹೊಸದಾಗಿ ಕೊಳ್ಳುವ ಕಾರ್ಡಿನಲ್ಲಿ 8 ಜಿಬಿಗಿಂತ ಕಡಿಮೆ ಇರಬಾರದು. ಕೆಲವು ಹೊಸ ಆಟಗಳಲ್ಲಿ 8 ಜಿಬಿಯೂ ಸಾಲದೆ ಟೆಕ್ಸ್‌ಚರ್ ಸೆಟ್ಟಿಂಗ್ ಇಳಿಸಬೇಕಾಗುತ್ತದೆ.

ಎರಡನೆಯದು: ಒಂದೇ ಹೆಸರಿನಲ್ಲಿ ಬೇರೆ ಬೇರೆ ಕಾರ್ಡುಗಳಿರುತ್ತವೆ. ಆರ್‌ಟಿಎಕ್ಸ್ 3050ಯನ್ನೇ ತೆಗೆದುಕೊಳ್ಳಿ. 2022ರಲ್ಲಿ ಬಂದ 8 ಜಿಬಿ ಕಾರ್ಡಿನಲ್ಲಿ 2560 ಕೋರ್ (ಲೆಕ್ಕ ಮಾಡುವ ಘಟಕ), 128 ಬಿಟ್‌ನ ಮೆಮೊರಿ ದಾರಿ. 2024ರಲ್ಲಿ ಬಂದ 6 ಜಿಬಿ ಕಾರ್ಡಿನಲ್ಲಿ 2304 ಕೋರ್, 96 ಬಿಟ್. ಪೆಟ್ಟಿಗೆ ಮೇಲೆ ಎರಡಕ್ಕೂ ಅದೇ ಹೆಸರು. ಕಡಿಮೆಯಾಗಿದ್ದು ಬರೀ 2 ಜಿಬಿ ಅಂತ ಕಾಣುತ್ತದೆ. ಆದರೆ ವೇಗವೂ ಇಳಿದಿದೆ. ಈ 6 ಜಿಬಿ ಕಾರ್ಡಿಗೆ ಒಂದು ಒಳ್ಳೆಯ ಗುಣವೂ ಇದೆ. ಅದು 70 ವ್ಯಾಟ್‌ನಲ್ಲೇ ಓಡುತ್ತದೆ. ಹೆಚ್ಚಿನ ಮಾಡೆಲ್‌ಗಳಿಗೆ ಎಸ್‌ಎಂಪಿಎಸ್‌ನಿಂದ ಬೇರೆ ಕೇಬಲ್ ಬೇಡ. ಹಳೆಯ ಆಫೀಸ್ ಪಿಸಿಗೆ ಕಾರ್ಡ್ ಹಾಕುವವರಿಗೆ ಅದು ಅನುಕೂಲ. ಹೊಸದಾಗಿ ಕಟ್ಟುವವರಿಗೆ ಬೇಡ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಕಾರ್ಡ್ ಮದರ್‌ಬೋರ್ಡಿಗೆ ಮಾತಾಡುವ ದಾರಿಗೆ ಪಿಸಿಐಇ ಅನ್ನುತ್ತಾರೆ. ಉದ್ದದ ಸ್ಲಾಟಿನಲ್ಲಿ 16 ಸಾಲು ಇರುತ್ತವೆ. ಆದರೆ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್ ಬಳಸುವುದು ಬರೀ 4 ಸಾಲು. ಪಿಸಿಐಇ 4.0 ಬೋರ್ಡಿನಲ್ಲಿ ಅದು ಹೇಗೋ ನಡೆಯುತ್ತದೆ. ಪಿಸಿಐಇ 3.0 ಇರುವ ಬಿ450 ಅಥವಾ ಎ520 ಬೋರ್ಡಿಗೆ ಹಾಕಿದರೆ ಪ್ರತಿ ಸಾಲಿನ ವೇಗ ಅರ್ಧಕ್ಕೆ ಇಳಿಯುತ್ತದೆ. 4 ಜಿಬಿ ಮೆಮೊರಿ ತುಂಬಿದ ಕೂಡಲೇ ಆಟ ತಡವರಿಸಲು ಶುರು. ಅಗ್ಗದ ಕಾರ್ಡನ್ನು ಅಗ್ಗದ ಬೋರ್ಡಿಗೇ ಹಾಕುತ್ತಾರೆ ತಾನೇ? ಅಲ್ಲಿಗೇ ಅದರ ಬಲ ಕುಸಿಯುತ್ತದೆ.

ಹಾಗಾದರೆ ಯಾವುದನ್ನು ನೋಡಬೇಕು? ತೀರಾ ಬಿಗಿ ಬಜೆಟ್‌ಗೆ ಆರ್‌ಎಕ್ಸ್ 6600. ಇದು 2021ರ ಕಾರ್ಡ್. 8 ಜಿಬಿ ಮೆಮೊರಿ, 132 ವ್ಯಾಟ್. 1080ಪಿಯಲ್ಲಿ ಸೆಟ್ಟಿಂಗ್ ಸ್ವಲ್ಪ ಹೊಂದಿಸಿಕೊಂಡರೆ ಇವತ್ತಿಗೂ ಮರ್ಯಾದೆ ಉಳಿಸುತ್ತದೆ. ಇನ್ನೂ ಸ್ವಲ್ಪ ದುಡ್ಡಿದ್ದರೆ ಇಂಟೆಲ್‌ನ ಆರ್ಕ್ ಬಿ580. 12 ಜಿಬಿ ಮೆಮೊರಿ ಇದರ ಬಲ. ಆದರೆ ಬಯಾಸ್‌ನಲ್ಲಿ (ಬೋರ್ಡಿನೊಳಗೇ ಇರುವ ಸೆಟ್ಟಿಂಗ್ ಪುಟ) ರೀಸೈಸಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ತಲುಪಲು ಬಿಡುವ ಸೌಲಭ್ಯ) ಆನ್ ಆಗಿರಲೇಬೇಕು. ಹಳೆಯ, ನಿಧಾನದ ಪ್ರೊಸೆಸರ್ ಜತೆ ಇದು ಮಂಕಾಗುತ್ತದೆ. ಅದಕ್ಕೂ ಮೇಲೆ ಹೋದರೆ 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಮತ್ತು ಆರ್‌ಎಕ್ಸ್ 9060 ಎಕ್ಸ್‌ಟಿ. ಎರಡನೆಯದು 8 ಜಿಬಿ, 16 ಜಿಬಿ ಎರಡರಲ್ಲೂ ಸಿಗುತ್ತದೆ. ಐದು ವರ್ಷ ಬದಲಾಯಿಸುವುದಿಲ್ಲ ಅನ್ನುವವರು ಹೇಗಾದರೂ ಮಾಡಿ 16 ಜಿಬಿಯದನ್ನೇ ತೆಗೆದುಕೊಳ್ಳಿ.

ಒಂದೇ ಚಿಪ್ ಹಲವು ಕಂಪನಿಗಳ ಹೆಸರಿನಲ್ಲಿ ಬರುತ್ತದೆ. ಎರಡು ಫ್ಯಾನ್, ಮೂರು ಫ್ಯಾನ್, ಮಿನುಗುವ ದೀಪ ಅಂತ ಬೆಲೆ ಏರುತ್ತಾ ಹೋಗುತ್ತದೆ. ಈ ಬಜೆಟ್‌ನ ಚಿಪ್‌ಗಳಿಗೆ ಎರಡು ಫ್ಯಾನ್ ಧಾರಾಳ. ಮೂರನೇ ಫ್ಯಾನಿಗೆ ಕೊಡುವ ದುಡ್ಡಿನಲ್ಲಿ ಒಂದು ಮೆಟ್ಟಿಲು ಮೇಲಿನ ಚಿಪ್ ಸಿಗುತ್ತದಾ ನೋಡಿ. ಜತೆಗೆ ನಿಮ್ಮ ಹತ್ತಿರದ ಸರ್ವೀಸ್ ಸೆಂಟರ್ ಯಾವ ಕಂಪನಿಯದು ಅಂತ ವಿಚಾರಿಸಿ. ಶಿವಮೊಗ್ಗದಲ್ಲೋ ವಿಜಯಪುರದಲ್ಲೋ ಇರುವವರಿಗೆ ಕಾರ್ಡ್ ಕೆಟ್ಟಾಗ ಅದನ್ನು ಪ್ಯಾಕ್ ಮಾಡಿ ದೂರದೂರಿಗೆ ಕಳಿಸುವುದು ಸಣ್ಣ ತಲೆನೋವಲ್ಲ.

ಹಂತ 4: ಪ್ರೊಸೆಸರ್, 6 ಕೋರ್ ಸಾಕು

ಗ್ರಾಫಿಕ್ಸ್ ಕಾರ್ಡ್ ಗಟ್ಟಿಯಾದ ಮೇಲೆ ಇದು ಸುಲಭ. 6 ಕೋರ್, 12 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು) ಇರುವ ಪ್ರೊಸೆಸರ್ ಇದ್ದರೆ ಬಜೆಟ್ ಕಾರ್ಡುಗಳಿಗೆ ಸರಿಯಾದ ಜೋಡಿ. ಎಎಂಡಿ ಕಡೆ ರೈಜೆನ್ 5 5600, ಇಂಟೆಲ್ ಕಡೆ ಐ5-12400ಎಫ್. ಎರಡೂ 2022ರವು. ಎರಡರ ಬಾಕ್ಸಿನಲ್ಲೂ ಕೂಲರ್ ಬರುತ್ತದೆ, ಅದೇ ಸಾಕು. ನೀರಿನ ಕೂಲರ್ ಅಂತ ಯಾರಾದರೂ ಪಟ್ಟಿಗೆ ಸೇರಿಸಿದರೆ ತೆಗೆಸಿ.

ಹೆಸರಿನ ಕೊನೆಯ ಅಕ್ಷರ ನೋಡುವುದು ಅಭ್ಯಾಸವಾಗಲಿ. ಇಂಟೆಲ್‌ನಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ರೈಜೆನ್ 5600ರಲ್ಲೂ ಇಲ್ಲ. ಅಂದರೆ ಬೇರೆ ಕಾರ್ಡ್ ಹಾಕದೆ ಪರದೆ ಮೇಲೆ ಏನೂ ಬರುವುದಿಲ್ಲ. ಕಾರ್ಡ್ ಮುಂದಿನ ತಿಂಗಳು ಕೊಳ್ಳುತ್ತೇನೆ ಅನ್ನುವವರು ಇದನ್ನು ನೆನಪಿಡಿ.

ಅಂಥವರಿಗೆ 5600ಜಿ ಇದೆ. ಅದರೊಳಗೇ ಗ್ರಾಫಿಕ್ಸ್ ಇರುತ್ತದೆ. ವ್ಯಾಲೊರಂಟ್, ಜಿಟಿಎ 5 ತರಹದ ಆಟ ಕಾರ್ಡ್ ಇಲ್ಲದೆಯೂ ನಡೆಯುತ್ತವೆ. ಆದರೆ 5600 ಮತ್ತು 5600ಜಿ ನಡುವೆ ಇರುವುದು ಒಂದು ಅಕ್ಷರದ ವ್ಯತ್ಯಾಸ ಮಾತ್ರ ಅಲ್ಲ. ಮೊದಲನೆಯದರಲ್ಲಿ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ), ಪಿಸಿಐಇ 4.0. ಜಿ ಇರುವುದರಲ್ಲಿ 16 ಎಂಬಿ, ಪಿಸಿಐಇ 3.0. ಹಾಗಾಗಿ ಮೊದಲೇ ಕಾರ್ಡ್ ಕೊಳ್ಳುವವರು ಜಿ ತೆಗೆದುಕೊಂಡರೆ ನಷ್ಟ. ಕಾರ್ಡ್ ಕೊಳ್ಳಲು ವರ್ಷಗಟ್ಟಲೆ ತಡವಾಗುತ್ತದೆ ಅನ್ನುವವರಿಗೆ ಜಿ ಸರಿ. ರೈಜೆನ್ 5 8600ಜಿ ಇನ್ನೂ ಚುರುಕು. ಆದರೆ ಅದಕ್ಕೆ ಹೊಸ ಬೋರ್ಡ್, ಹೊಸ ರ‍್ಯಾಮ್ ಬೇಕು. ಆ ಒಟ್ಟು ಖರ್ಚಿನಲ್ಲಿ 5600 ಜತೆ ಸಾಧಾರಣ ಕಾರ್ಡೇ ಬರುತ್ತದಾ ಅಂತ ಲೆಕ್ಕ ಹಾಕಿ ನೋಡಿ.

ಮುಂದೆ ಅಪ್‌ಗ್ರೇಡ್ ಮಾಡುವ ಆಸೆ ಇದೆಯಾ? ಆಗ ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ, ಮುಖ್ಯ. 5600 ಕೂರುವುದು ಎಎಂ4 ಸಾಕೆಟ್‌ನಲ್ಲಿ. ಅದರ ಕಾಲ ಹೆಚ್ಚುಕಡಿಮೆ ಮುಗಿದಿದೆ. 2022ರಲ್ಲಿ ಬಂದ ಎಎಂ5 ಸಾಕೆಟ್‌ಗೆ ರೈಜೆನ್ 5 7600 ಅಥವಾ 7500ಎಫ್ ಹಾಕಿದರೆ ಮೂರು ನಾಲ್ಕು ವರ್ಷದ ಮೇಲೆ ಪ್ರೊಸೆಸರ್ ಒಂದನ್ನೇ ಬದಲಾಯಿಸುವ ದಾರಿ ತೆರೆದಿರುತ್ತದೆ. ನನ್ನ ಮಾತು ಕೇಳುವುದಾದರೆ, ಎಎಂ5ಗೆ ಹೋಗಲು ಗ್ರಾಫಿಕ್ಸ್ ಕಾರ್ಡಿನ ದುಡ್ಡು ಕತ್ತರಿಸಬೇಕು ಅಂತಾದರೆ ಹೋಗಬೇಡಿ. ಕತ್ತರಿಸದೆ ಆಗುವುದಾದರೆ ಕಣ್ಣು ಮುಚ್ಚಿ ಹೋಗಿ.

ಹಂತ 5: ಮದರ್‌ಬೋರ್ಡ್

ಬೋರ್ಡಿನಿಂದ ಫ್ರೇಮ್ ಜಾಸ್ತಿ ಬರುವುದಿಲ್ಲ. ಹೊಂದಾಣಿಕೆ ಇದ್ದರೆ ಸಾಕು. 5600ಗೆ ಬಿ550 ಬೋರ್ಡ್ ಸರಿ. ಬಿ450 ಅಗ್ಗ, ಆದರೆ ಪಿಸಿಐಇ 3.0. ಅಷ್ಟೇ ಅಲ್ಲ, ಹಳೆಯ ಸ್ಟಾಕ್ ಆದರೆ ಬಯಾಸ್ ಅಪ್‌ಡೇಟ್ ಮಾಡದೆ 5000 ಸರಣಿಯ ಪ್ರೊಸೆಸರ್ ಗುರುತಿಸುವುದಿಲ್ಲ. ಕೊಳ್ಳುವಾಗಲೇ ಅಂಗಡಿಯವರ ಹತ್ತಿರ ಅಪ್‌ಡೇಟ್ ಮಾಡಿಸಿಕೊಳ್ಳಿ. ಐ5-12400ಎಫ್‌ಗೆ ಬಿ660 ಅಥವಾ ಬಿ760. ಎಚ್610 ಬೋರ್ಡೂ ನಡೆಯುತ್ತದೆ. ಆದರೆ ಅದರಲ್ಲಿ ರ‍್ಯಾಮ್ ಸ್ಲಾಟ್ ಎರಡೇ.

ಇಂಟೆಲ್ 12ನೇ ಪೀಳಿಗೆಯಲ್ಲಿ ಇನ್ನೊಂದು ಗೊಂದಲ ಇದೆ. ಪ್ರೊಸೆಸರ್ ಡಿಡಿಆರ್4, ಡಿಡಿಆರ್5 ಅನ್ನುವ ಎರಡು ಪೀಳಿಗೆಯ ಮೆಮೊರಿಗೂ ಒಗ್ಗುತ್ತದೆ. ಬೋರ್ಡ್ ಸಾಮಾನ್ಯವಾಗಿ ಒಂದಕ್ಕೇ. ಒಂದರ ಕಡ್ಡಿ ಇನ್ನೊಂದರ ಸ್ಲಾಟಿಗೆ ಕೂರುವುದೇ ಇಲ್ಲ, ಕತ್ತರಿಸಿದ ಗುರುತಿನ ಜಾಗ ಬೇರೆ. ಬೋರ್ಡಿನ ಹೆಸರಿನ ಕೊನೆಯಲ್ಲಿ ಡಿ4 ಅಂತ ಇದೆಯಾ ನೋಡಿ.

ವೈಫೈ ಬೇಕಾದರೆ ಬೋರ್ಡಿನಲ್ಲೇ ಇರುವ ಮಾಡೆಲ್ ತೆಗೆದುಕೊಳ್ಳಿ. ರೂಟರ್ ಪಕ್ಕದಲ್ಲೇ ಪಿಸಿ ಇಡುವವರು ಆ ದುಡ್ಡು ಉಳಿಸಿ ಒಂದು ಲ್ಯಾನ್ ಕೇಬಲ್ ಎಳೆಯಿರಿ. ಆನ್‌ಲೈನ್ ಆಟಕ್ಕೆ ಕೇಬಲ್ಲೇ ಮೇಲು.

ಹಂತ 6: ರ‍್ಯಾಮ್ ಮತ್ತು ಎಸ್‌ಎಸ್‌ಡಿ

16 ಜಿಬಿ ಬೇಕು, ಮತ್ತು ಅದು 8 ಜಿಬಿಯ ಎರಡು ಕಡ್ಡಿಯಾಗಿರಲಿ. ಒಂದೇ 16 ಜಿಬಿ ಕಡ್ಡಿ ಹಾಕಿದರೆ ಮೆಮೊರಿಯ ಒಂದು ಚಾನೆಲ್ ಖಾಲಿ ಉಳಿಯುತ್ತದೆ. ಕಾರ್ಡ್ ಇಲ್ಲದ 5600ಜಿಯಲ್ಲಿ ಇದರ ಪೆಟ್ಟು ದೊಡ್ಡದು, ಯಾಕೆಂದರೆ ಅದರ ಗ್ರಾಫಿಕ್ಸ್ ಬಳಸುವುದೇ ಈ ರ‍್ಯಾಮನ್ನು. ನಾಲ್ಕು ಸ್ಲಾಟಿನ ಬೋರ್ಡ್ ಆದರೆ ಎರಡನ್ನು ಪಕ್ಕಪಕ್ಕ ಹಾಕಬೇಡಿ. ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟಿಗೆ ಹಾಕಿ. ಎಎಂ4ಗೆ ಡಿಡಿಆರ್4 3200, ಎಎಂ5ಗೆ ಡಿಡಿಆರ್5 6000 ಹಿತವಾದ ವೇಗ.

2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಸರ್ರನೆ ಏರಿದೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ಚಿಪ್ ಕಂಪನಿಗಳು ಆ ಕಡೆ ತಿರುಗಿದವು. ಮೈಕ್ರಾನ್ ಕಂಪನಿಯಂತೂ ಕ್ರೂಶಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ಹಾಗಾಗಿ ಹಳೆಯ ವಿಡಿಯೋಗಳಲ್ಲಿ ಹೇಳುವ ರ‍್ಯಾಮ್ ಬೆಲೆ ನಂಬಿ ಅಂಗಡಿಗೆ ಹೋಗಬೇಡಿ. ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್‌ನ ಡಿಡಿಆರ್4 ಕಡ್ಡಿಗಳಿದ್ದರೆ ಈಗ ಅವಕ್ಕೆ ಬೆಲೆ ಬಂದಿದೆ. ಅವನ್ನೇ ಬಳಸುವ ಬೋರ್ಡ್ ಆರಿಸಿದರೆ ಒಳ್ಳೆಯ ಉಳಿತಾಯ. ಲ್ಯಾಪ್‌ಟಾಪ್ ರ‍್ಯಾಮ್ ಮಾತ್ರ ಆಗುವುದಿಲ್ಲ, ಅದು ಗಿಡ್ಡ.

ಎಸ್‌ಎಸ್‌ಡಿ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ನೇರ ಬೋರ್ಡಿಗೇ ಕೂರುವ ಎಂ.2 ಕಡ್ಡಿ, ಅದರಲ್ಲೂ ವೇಗದ ಎನ್‌ವಿಎಂಇ ಬಗೆಯದು ಆಗಿರಲಿ. ನೋಡಲು ಅದೇ ತರಹ ಇರುವ ಎಂ.2 ಸಾಟಾ ಕಡ್ಡಿಯೂ ಇದೆ, ಅದರ ವೇಗ ಸೆಕೆಂಡಿಗೆ 550 ಎಂಬಿ ಆಸುಪಾಸಿಗೇ ನಿಲ್ಲುತ್ತದೆ. ಪಿಸಿಐಇ 3.0ರ ಎನ್‌ವಿಎಂಇ ಕಡ್ಡಿ 3500 ಎಂಬಿ ಹತ್ತಿರ ಹೋಗುತ್ತದೆ. ಆಟಗಳಿಗೆ ಅಷ್ಟು ಸಾಕು, 5.0 ಬೇಡವೇ ಬೇಡ. ಒಂದೊಂದು ದೊಡ್ಡ ಆಟವೂ 100 ಜಿಬಿ ದಾಟುವ ಕಾಲ ಇದು. ಆಗುವುದಾದರೆ 1 ಟಿಬಿ. ಇಲ್ಲದಿದ್ದರೆ 500 ಜಿಬಿ ತೆಗೆದುಕೊಂಡು, ಇನ್ನೊಂದು ಎಂ.2 ಸ್ಲಾಟ್ ಇರುವ ಬೋರ್ಡ್ ನೋಡಿ.

ಹಂತ 7: ಎಸ್‌ಎಂಪಿಎಸ್, ಮತ್ತು ನಮ್ಮ ಕರೆಂಟು

ಕ್ಯಾಬಿನೆಟ್ ಜತೆ "ಫ್ರೀ" ಬರುವ ಎಸ್‌ಎಂಪಿಎಸ್ ಕೈಗೆ ಬಂದರೆ ಅದರ ಮೇಲಿನ ಸ್ಟಿಕ್ಕರ್ ಓದಿ. ದೊಡ್ಡಕ್ಷರದಲ್ಲಿ 500 ಅಂತ ಇರುತ್ತದೆ. ಅದನ್ನು ಬಿಡಿ. ಕೆಳಗೆ ಸಣ್ಣ ಕೋಷ್ಟಕದಲ್ಲಿ 12 ವೋಲ್ಟ್ ಅನ್ನುವ ಅಂಕಣ ಹುಡುಕಿ. ಅಲ್ಲಿ 18 ಆಂಪ್ ಅಂತಿದ್ದರೆ 18 × 12, ಅಂದರೆ 216 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಮುಖ್ಯವಾಗಿ ಈ 12 ವೋಲ್ಟಿನಿಂದಲೇ. ಅಂದಮೇಲೆ ಅದು ನಿಮ್ಮ ಪಾಲಿಗೆ 216 ವ್ಯಾಟ್‌ನ ಎಸ್‌ಎಂಪಿಎಸ್. ನಿಜವಾದ 550 ವ್ಯಾಟ್‌ನದರಲ್ಲಿ ಅದೇ ಅಂಕಣದಲ್ಲಿ 45 ಆಂಪ್ ಆಸುಪಾಸು ಇರುತ್ತದೆ.

ನಿಮಗೆ ಎಷ್ಟು ಬೇಕು? ರೈಜೆನ್ 5600 ಗರಿಷ್ಠ 76 ವ್ಯಾಟ್ ಎಳೆಯುತ್ತದೆ. ಆರ್‌ಎಕ್ಸ್ 6600 132 ವ್ಯಾಟ್. ಬೋರ್ಡ್, ರ‍್ಯಾಮ್, ಫ್ಯಾನ್ ಎಲ್ಲಕ್ಕೂ 50 ಅಂತ ಇಟ್ಟುಕೊಳ್ಳಿ. ಒಟ್ಟು 260ರ ಹತ್ತಿರ. ಕ್ಷಣಮಾತ್ರ ಏರುವ ಎಳೆತಕ್ಕೆ, ಮುಂದಿನ ಅಪ್‌ಗ್ರೇಡಿಗೆ ಜಾಗ ಬಿಟ್ಟು ಒಳ್ಳೆಯ ಕಂಪನಿಯ 550 ವ್ಯಾಟ್ ತೆಗೆದುಕೊಂಡರೆ ನಿಶ್ಚಿಂತೆ. 750, 850 ಅಂತ ಹೋಗುವುದು ಸುಮ್ನೆ ಖರ್ಚು. 80 ಪ್ಲಸ್ ಬ್ರಾಂಜ್ ಗುರುತು ಇರಲಿ. ಆದರೆ ಆ ಗುರುತು ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನು ಮಾತ್ರ. ಸುರಕ್ಷತೆಯ ಗ್ಯಾರಂಟಿ ಅದಲ್ಲ. ನಾನಾದರೆ ವಾರಂಟಿ ಎಷ್ಟು ವರ್ಷ ಅಂತ ನೋಡುತ್ತೇನೆ. ಐದು ವರ್ಷ ವಾರಂಟಿ ಕೊಡುವ ಕಂಪನಿಗೆ ತನ್ನ ಮಾಲಿನ ಮೇಲೆ ಸ್ವಲ್ಪವಾದರೂ ನಂಬಿಕೆ ಇರುತ್ತದೆ.

ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ 6+2 ಪಿನ್ ಕೇಬಲ್ ಅದರಲ್ಲೇ ಇದೆಯಾ ನೋಡಿ. ಇಲ್ಲ, ಕನ್ವರ್ಟರ್ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಹಳೆಯ ನಾಲ್ಕು ಪಿನ್‌ನ ಮೊಲೆಕ್ಸ್‌ನಿಂದ ತೆಗೆದ ಕನ್ವರ್ಟರ್ ಬಿಸಿಯಾಗಿ ಸುಟ್ಟುಹೋಗುವುದು ಅಪರೂಪವಲ್ಲ.

ಇನ್ನು ಮನೆಯ ವೈರಿಂಗ್. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಸಣ್ಣಗೆ ಜುಮ್ ಅನ್ನುತ್ತದೆ ಅನ್ನುವವರು ತುಂಬ ಜನ. ಹೆಚ್ಚಿನ ಸಲ ಪಿಸಿ ಕೆಟ್ಟಿರುವುದಿಲ್ಲ. ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರ್ ಸ್ವಲ್ಪ ಕರೆಂಟನ್ನು ಕ್ಯಾಬಿನೆಟ್‌ನ ಲೋಹಕ್ಕೆ ಬಿಡುತ್ತದೆ. ಅದು ಅರ್ಥಿಂಗ್ ತಂತಿಯಲ್ಲಿ ಇಳಿದು ಹೋಗಬೇಕು. ಗೋಡೆಯ ಸಾಕೆಟ್‌ನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ. ಹಳೆಯ ಮನೆಗಳಲ್ಲಿ ಮೇಲಿನ ತೂತಿಗೆ ತಂತಿಯೇ ಇರುವುದಿಲ್ಲ. ಪಿಸಿ ತರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಮೂರು ಪಿನ್‌ನ ಪ್ಲಗ್ಗನ್ನು ಎರಡು ಪಿನ್ ಮಾಡುವ ಅಡಾಪ್ಟರ್ ಹತ್ತಿರವೂ ಸುಳಿಯಬೇಡಿ.

ಕರೆಂಟ್ ಪದೇ ಪದೇ ಹೋಗುವ ಊರಾದರೆ ಯುಪಿಎಸ್ ಬೇಕೇ ಬೇಕು. ಸಣ್ಣ ಯುಪಿಎಸ್‌ಗಳ ಮೇಲೆ ಬರೆಯುವುದು ವಿಎ. ಸಾಮಾನ್ಯವಾಗಿ ಅದರ ಶೇ 60 ಮಾತ್ರ ವ್ಯಾಟ್. 600 ವಿಎ ಅಂದರೆ 360 ವ್ಯಾಟ್. ಮೇಲಿನ ಪಿಸಿಗೆ ಮಾನಿಟರ್ ಸೇರಿಸಿದರೆ ಇದು ಬಿಗಿಯಾಗುತ್ತದೆ. 1000 ವಿಎ ನೆಮ್ಮದಿ. ಇದರಿಂದ ಗಂಟೆಗಟ್ಟಲೆ ಆಡಲು ಆಗುವುದಿಲ್ಲ. ಸೇವ್ ಮಾಡಿ ಶಟ್‌ಡೌನ್ ಮಾಡಲು ಕೆಲವು ನಿಮಿಷ ಸಿಗುತ್ತದೆ, ಅಷ್ಟೇ. ಮನೆಯ ಇನ್ವರ್ಟರ್‌ಗೆ ಜೋಡಿಸುವುದಾದರೆ ಅದು ಪ್ಯೂರ್ ಸೈನ್ ವೇವ್ ಆಗಿರಲಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಈಗಿನ ಎಸ್‌ಎಂಪಿಎಸ್‌ಗಳಿಗೆ ಒಗ್ಗುವುದಿಲ್ಲ.

ಹಂತ 8: ಕ್ಯಾಬಿನೆಟ್

ಮುಂದೆ ಜಾಲರಿ ಇರಲಿ. ಮುಂದೆ ಪೂರ್ತಿ ಗಾಜು ಇರುವ ಕ್ಯಾಬಿನೆಟ್ ಫೋಟೋದಲ್ಲಿ ಚಂದ, ಆದರೆ ಗಾಳಿ ಬರುವುದು ಎಲ್ಲಿಂದ? ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕೋಣೆಯ ಬಿಸಿಯೇ 40 ಡಿಗ್ರಿ ಹತ್ತಿರ ಹೋಗುತ್ತದೆ. ಒಳಗಿನ ಬಿಸಿ ಅದರ ಮೇಲೆ ಏರುತ್ತದೆ. ಮುಂದೆ ಎರಡು ಫ್ಯಾನ್ ಗಾಳಿ ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಜಾಲರಿಯ ಒಳಗೆ ಕಳಚಿ ತೊಳೆಯುವಂಥ ಧೂಳಿನ ಫಿಲ್ಟರ್ ಇರಲಿ. ಆರಿಸಿದ ಕಾರ್ಡಿನ ಉದ್ದ ಎಷ್ಟು ಮಿಲಿಮೀಟರ್, ಕ್ಯಾಬಿನೆಟ್‌ನಲ್ಲಿ ಎಷ್ಟು ಜಾಗ ಅಂತ ಎರಡೂ ಕಂಪನಿಯ ಪುಟದಲ್ಲಿ ನೋಡಿ ಹೋಲಿಸಿ. ಎಮ್‌ಎಟಿಎಕ್ಸ್ ಅನ್ನುವ ಸಣ್ಣ ಅಳತೆಯ ಬೋರ್ಡಿಗೆ ದೊಡ್ಡ ಎಟಿಎಕ್ಸ್ ಕ್ಯಾಬಿನೆಟ್ ನಡೆಯುತ್ತದೆ, ತಿರುಗುಮುರುಗು ನಡೆಯುವುದಿಲ್ಲ.

ಹಂತ 9: ಕೊಳ್ಳುವಾಗ

ಈಗ ನಿಮ್ಮ ಪಟ್ಟಿ ಪೂರ್ತಿ ಮಾಡೆಲ್ ಹೆಸರುಗಳ ಜತೆ ಸಿದ್ಧವಾಗಿದೆ. ಆನ್‌ಲೈನ್ ಬೆಲೆ ಪಕ್ಕದಲ್ಲಿ ಬರೆದುಕೊಂಡು ಬೆಂಗಳೂರಿನ ಎಸ್‌.ಪಿ. ರಸ್ತೆಗೋ ನಿಮ್ಮೂರಿನ ಕಂಪ್ಯೂಟರ್ ಅಂಗಡಿಗೋ ಹೋಗಿ. ಎರಡು ಮೂರು ಕಡೆ ಅದೇ ಪಟ್ಟಿ ಕೊಟ್ಟು ಬೆಲೆ ಕೇಳಿ. "ಅದು ಸ್ಟಾಕ್ ಇಲ್ಲ, ಇದು ಅದಕ್ಕಿಂತ ಚೆನ್ನಾಗಿದೆ ಸರ್" ಅನ್ನುವ ಮಾತು ಬಂದರೆ ಅಲ್ಲೇ ಒಪ್ಪಬೇಡಿ. ಆ ಮಾಡೆಲ್ ಬರೆದುಕೊಂಡು, ಒಂದು ಕಾಫಿ ಕುಡಿದು, ಫೋನಿನಲ್ಲಿ ನೋಡಿ ವಾಪಸ್ ಬನ್ನಿ.

ಬಿಲ್ ಬೇಡ ಅಂದರೆ ಕಡಿಮೆ ಮಾಡುತ್ತೇವೆ ಅನ್ನುವವರಿದ್ದಾರೆ. ಬಿಲ್ ಇಲ್ಲದೆ ವಾರಂಟಿ ಕೇಳುವುದು ಕಷ್ಟ. ಬಿಲ್ಲಿನಲ್ಲಿ ಪ್ರತಿ ಪಾರ್ಟಿನ ಹೆಸರು, ಸೀರಿಯಲ್ ನಂಬರ್ ಬರೆಸಿಕೊಳ್ಳಿ. "ಅಸೆಂಬಲ್ಡ್ ಕಂಪ್ಯೂಟರ್, 1" ಅಂತ ಒಂದೇ ಸಾಲು ಬರೆದರೆ ಒಪ್ಪಬೇಡಿ. ಪ್ರೊಸೆಸರ್ ಬಾಕ್ಸಿನದೋ ಟ್ರೇ ಮಾಲೋ (ಡಬ್ಬವಿಲ್ಲದೆ ಬಿಡಿಯಾಗಿ ಬರುವುದು) ಅಂತಲೂ ಕೇಳಿ. ಟ್ರೇ ಪ್ರೊಸೆಸರ್‌ಗೆ ಕೂಲರ್ ಬರುವುದಿಲ್ಲ. ಬಾಕ್ಸಿನದಕ್ಕೆ ಇಂಟೆಲ್, ಎಎಂಡಿ ಎರಡೂ ಮೂರು ವರ್ಷ ವಾರಂಟಿ ಕೊಡುತ್ತವೆ. ಟ್ರೇಯದಕ್ಕೆ ಮಾರಿದವರ ಮಾತೇ ಗತಿ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದಾ? ಪ್ರೊಸೆಸರ್, ರ‍್ಯಾಮ್ ಕೊಳ್ಳಬಹುದು, ಇವು ಸುಲಭವಾಗಿ ಕೆಡುವುದಿಲ್ಲ. ಎಎಂ4 ಪ್ರೊಸೆಸರ್ ಆದರೆ ಕೆಳಗಿನ ಪಿನ್‌ಗಳು ಬಾಗಿವೆಯಾ ನೋಡಿ. ಎಸ್‌ಎಂಪಿಎಸ್ ಮತ್ತು ಎಸ್‌ಎಸ್‌ಡಿ ಹಳೆಯದು ಬೇಡ. ಗ್ರಾಫಿಕ್ಸ್ ಕಾರ್ಡ್ ಆದರೆ ಕಣ್ಣೆದುರೇ ಅರ್ಧ ಗಂಟೆ ಆಟ ಓಡಿಸಿ ತೋರಿಸಲಿ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್ ಓಡಿಸಿ ಕ್ರಿಪ್ಟೊ ನಾಣ್ಯ ಗಳಿಸುವುದು) ನಿಂತ ಮೇಲೆ ರಾಶಿ ರಾಶಿ ದಣಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಆರ್‌ಎಕ್ಸ್ 580 ಅಗ್ಗಕ್ಕೆ ಕಂಡರೆ ಅದು 2048ಎಸ್‌ಪಿ ಅನ್ನುವ ಮಾದರಿಯಾ ಅಂತ ಪರೀಕ್ಷಿಸಿ. ಅದು ಹೆಸರಿಗೆ 580, ಒಳಗೆ 570.

ಹಂತ 10: ಜೋಡಿಸಿದ ಮೇಲೆ ಮೊದಲ ದಿನ

ಅಂಗಡಿಯವರೇ ಜೋಡಿಸಿಕೊಟ್ಟರೂ ಈ ಕೆಲಸಗಳು ನಿಮ್ಮವೇ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹೋಗಿದೆಯಾ ನೋಡಿ, ಬೋರ್ಡಿಗಲ್ಲ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ. ಇಲ್ಲದಿದ್ದರೆ 3200ಕ್ಕೆ ದುಡ್ಡು ಕೊಟ್ಟ ರ‍್ಯಾಮ್ 2133 ಅಥವಾ 2400ರಲ್ಲೇ ತೆವಳಬಹುದು. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ 144ಕ್ಕೆ ಏರಿಸಿ. ವರ್ಷಗಟ್ಟಲೆ 60ರಲ್ಲೇ ಆಡಿಕೊಂಡಿರುವವರು ಇದ್ದಾರೆ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ವಿಂಡೋಸ್ 11 ಹಾಕಿ. ವ್ಯಾಲೊರಂಟ್ ಆಡುವವರು ಬಯಾಸ್‌ನಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಅನ್ನುವ ಎರಡು ಸುರಕ್ಷತಾ ಸೆಟ್ಟಿಂಗ್‌ಗಳನ್ನೂ ಆನ್ ಮಾಡಿರಬೇಕು, ಇಲ್ಲದಿದ್ದರೆ ಆಟ ತೆರೆಯುವುದೇ ಇಲ್ಲ. ದುಡ್ಡು ಉಳಿಸಲು ಲಿನಕ್ಸ್ ಹಾಕುವ ಯೋಚನೆ ಇದ್ದರೆ ಸ್ಟೀಮ್‌ನ ಬಹಳಷ್ಟು ಆಟ ಅದರಲ್ಲಿ ಚೆನ್ನಾಗಿ ಓಡುತ್ತವೆ, ವ್ಯಾಲೊರಂಟ್ ಓಡುವುದಿಲ್ಲ.

ಕೊನೆಗೆ ಕೊಟೇಶನ್ ಪಕ್ಕದಲ್ಲಿಟ್ಟುಕೊಂಡು ಸಿಪಿಯು-ಝಡ್, ಜಿಪಿಯು-ಝಡ್ ಅನ್ನುವ ಎರಡು ಉಚಿತ ಸಾಫ್ಟ್‌ವೇರ್ ತೆರೆಯಿರಿ. ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು ಚಾನೆಲ್, ಕಾರ್ಡಿನ ಕೋರ್ ಎಷ್ಟು, ಮೆಮೊರಿ ಎಷ್ಟು ಬಿಟ್ ಅಂತ ಎಲ್ಲ ಅದರಲ್ಲಿ ಬರುತ್ತದೆ. ಒಂದೊಂದನ್ನೇ ಟಿಕ್ ಮಾಡುತ್ತಾ ಹೋಗಿ. ಮೊದಲ ವಾರದಲ್ಲೇ ನಿಮ್ಮ ಪಟ್ಟಿಯ ಅತಿ ಭಾರದ ಆಟವನ್ನು ಎರಡು ಮೂರು ಗಂಟೆ ಒಂದೇ ಸಮನೆ ಓಡಿಸಿ. ಏನಾದರೂ ಕೆಡುವುದಿದ್ದರೆ ಅಂಗಡಿಯವರು ನೇರವಾಗಿ ಬದಲಾಯಿಸಿಕೊಡುವ ಅವಧಿ ಮುಗಿಯುವ ಮೊದಲೇ ಕೆಡಲಿ. ಪಾರ್ಟ್‌ಗಳ ಖಾಲಿ ಡಬ್ಬಗಳನ್ನು ಅಟ್ಟದ ಮೇಲೆ ಹಾಕಿಡಿ. ಸೀರಿಯಲ್ ನಂಬರಿನ ಸ್ಟಿಕ್ಕರ್ ಅವುಗಳ ಮೇಲೂ ಇರುತ್ತದೆ, ಕೆಲವು ಸರ್ವೀಸ್ ಸೆಂಟರ್‌ಗಳು ಡಬ್ಬ ಸಮೇತ ತನ್ನಿ ಅನ್ನುತ್ತವೆ.